ದೋಣಿಯೋ, ಮರದ ಹಾದಿಯೋ: ಪೂರ್ವ ಕರಾವಳಿಯ ಮೂರು ಮ್ಯಾಂಗ್ರೋವ್ ಕಾಡುಗಳು

ಕಡಲಂಚಿನ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು ನೋಡಲು ಯಾವ ತಿಂಗಳು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಯಾವ ಹೊತ್ತು ಎಂದು ಕೇಳುವವರು ಕಡಿಮೆ. ಉಬ್ಬರದಲ್ಲಿ ಕಂಡ ಕಾಡು ಇಳಿತದಲ್ಲಿ ಗುರುತೇ ಸಿಗದಷ್ಟು ಬದಲಾಗುತ್ತದೆ. ಕೊರಿಂಗಾ, ಪಿಚಾವರಂ, ಭಿತರ್‌ಕನಿಕಾ ಮೂರನ್ನೂ ಸುತ್ತಿದ ಮೇಲೆ ನಾನು ಉಬ್ಬರವಿಳಿತದ ವೇಳಾಪಟ್ಟಿ ನೋಡದೆ ರೈಲು ಟಿಕೆಟ್ ಕಾಯ್ದಿರಿಸುವುದಿಲ್ಲ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಹಾಗಾಗಿ ಕಳೆದ ವಾರ ಹೋಗಿಬಂದವರು ಹೇಳಿದ ಸಮಯ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಆಂಧ್ರದ ಕಾಕಿನಾಡದ ಬಳಿಯ ಕೊರಿಂಗಾ ಗೋದಾವರಿಯ ಮುಖಜಭೂಮಿಯಲ್ಲಿದೆ. ಅಲ್ಲಿನ ಆಕರ್ಷಣೆ ಕಾಡಿನೊಳಗೆ ಸಾಗುವ ಮರದ ಕಾಲುಹಾದಿ. ವಯಸ್ಸಾದವರೂ ಮಕ್ಕಳೂ ಜೊತೆಗಿದ್ದರೆ ಇದಕ್ಕಿಂತ ಸಲೀಸಾದದ್ದು ಇಲ್ಲ. ಆದರೆ ಉಬ್ಬರದ ಹೊತ್ತಿಗೆ ಹೋದರೆ ಕಾಣುವುದು ನೀರು ಮತ್ತು ಎಲೆ ಮಾತ್ರ. ಇಳಿತದಲ್ಲಿ ಹೋಗಿ. ಕೆಸರಿನಿಂದ ಬೆರಳುಗಳಂತೆ ಮೇಲೆದ್ದ ಅವಿಸೆನಿಯಾ ಎಂಬ ಮ್ಯಾಂಗ್ರೋವ್ ಮರದ ಉಸಿರಾಟದ ಬೇರುಗಳು ಆಗಷ್ಟೇ ಹೊರಗೆ ಕಾಣುತ್ತವೆ. ಆ ಕೆಸರಿನಲ್ಲಿ ಆಮ್ಲಜನಕವಿಲ್ಲದ್ದರಿಂದ ಮರ ಗಾಳಿಗಾಗಿ ಬೇರನ್ನೇ ಮೇಲಕ್ಕೆ ಕಳುಹಿಸುತ್ತದೆ. ನಡೆಯುವುದನ್ನು ನಿಲ್ಲಿಸಿ, ಮಾತನ್ನೂ ನಿಲ್ಲಿಸಿ ಸ್ವಲ್ಪ ಹೊತ್ತು ಕಾಯಬೇಕು. ಬಿಲ ಸೇರಿದ್ದ ಏಡಿಗಳು ಒಂದೊಂದಾಗಿ ಹೊರಬರುತ್ತವೆ, ಗಂಡು ಏಡಿ ತನ್ನ ಒಂದೇ ಒಂದು ದೊಡ್ಡ ಇಕ್ಕುಳದಂಥ ಕೊಂಬನ್ನು ಎತ್ತಿ ಬೀಸುತ್ತದೆ, ಕೆಸರಿನ ಮೇಲೆ ಮೀನುಗಳು ಕುಪ್ಪಳಿಸುತ್ತವೆ. ಬಹುತೇಕರು ಸೆಲ್ಫಿ ತೆಗೆದುಕೊಂಡು ಮುಂದೆ ಹೋಗಿಬಿಡುತ್ತಾರೆ. ಅದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ತಮಿಳುನಾಡಿನ ಚಿದಂಬರಂ ಸಮೀಪದ ಪಿಚಾವರಂನಲ್ಲಿ ಎರಡು ಆಯ್ಕೆಗಳಿವೆ: ಹುಟ್ಟು ಹಾಕುವ ದೋಣಿ, ಮೋಟಾರ್ ದೋಣಿ. ಎರಡರಲ್ಲೂ ಹೋಗಿದ್ದೇನೆ. ಮೋಟಾರ್ ದೋಣಿ ಹೆಚ್ಚು ದೂರ ಸಾಗುತ್ತದೆ, ಅಷ್ಟೇ. ಕಾಡಿರುವುದು ಕಿರಿದಾದ ಕಾಲುವೆಗಳೊಳಗೆ, ಅಲ್ಲಿಗೆ ನುಗ್ಗುವುದು ಹುಟ್ಟಿನ ದೋಣಿ. ತಲೆ ತಗ್ಗಿಸಿ ರೈಜೋಫೊರಾ ಎಂಬ ಮ್ಯಾಂಗ್ರೋವ್ ಮರದ ಕಮಾನು ಬೇರುಗಳ ನಡುವೆ ಸಾಗುವಾಗ, ಮರದಲ್ಲೇ ಮೊಳೆತು ಉದ್ದಕ್ಕೆ ಜೋತುಬಿದ್ದ ಸಸಿಗಳು ಕೈಗೆಟಕುತ್ತವೆ. ಕೀಳಬೇಡಿ. ತಾಯಿಮರದಿಂದ ಕಳಚಿ ಬಿದ್ದ ಮೇಲೆ ಬೇರು ಬಿಡಲು ಸಿದ್ಧವಾಗಿ ನಿಂತ ಗಿಡಗಳು ಅವು. 2004ರ ಸುನಾಮಿಯಲ್ಲಿ ಈ ಕಾಡಿನ ಮರೆಯಲ್ಲಿದ್ದ ಹಳ್ಳಿಗಳಿಗೆ ಹಾನಿ ಕಡಿಮೆಯಾಯಿತೆಂಬುದನ್ನು ತಿಳಿದು ಆ ಬೇರುಗಳ ಹೆಣಿಗೆಯನ್ನು ನೋಡಿದರೆ ಕಾರಣ ಕಣ್ಣೆದುರಿಗೇ ಇರುತ್ತದೆ. ಇಲ್ಲಿ ನೀರಿನ ಏರಿಳಿತ ಕಡಿಮೆಯಿರುವುದರಿಂದ ಹೊತ್ತಿನ ಲೆಕ್ಕಾಚಾರವೂ ಹಗುರ. ಆದರೆ ಹಿಂಗಾರಿನ ಮಳೆ ಸುರಿಯುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ದಿನಗಳನ್ನು ಬಿಟ್ಟು, ಜನವರಿ ಅಥವಾ ಫೆಬ್ರವರಿಯ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿ.

ಒಡಿಶಾದ ಭಿತರ್‌ಕನಿಕಾಕ್ಕೆ ತಲುಪುವುದೇ ದೊಡ್ಡ ಕೆಲಸ. ಚಾಂದಬಾಲಿ ಅಥವಾ ಗುಪ್ತಿಯ ಕಡೆಯಿಂದ ಅರಣ್ಯ ಇಲಾಖೆಯ ಅನುಮತಿ ಪಡೆದು ಮೋಟಾರ್ ದೋಣಿಯಲ್ಲಿ ಹೋಗಬೇಕು. ಎಂಜಿನ್ ಸದ್ದಿಗೆ ಹಕ್ಕಿಗಳು ಮುಂಚೆಯೇ ಹಾರಿಹೋಗುವುದು ಇದರ ದೊಡ್ಡ ಕೊರತೆ. ಹೀಗಿದ್ದರೂ ಚಳಿಗಾಲದ ಇಳಿತದಲ್ಲಿ ದಂಡೆಯ ಕೆಸರಿನ ಮೇಲೆ ಬಿಸಿಲು ಕಾಯುವ ಉಪ್ಪುನೀರಿನ ಮೊಸಳೆಗಳನ್ನು ನೋಡಲು ಉಳಿದ ಎರಡು ಕಾಡುಗಳಿಗೆ ಹೋಗಿ ಪ್ರಯೋಜನವಿಲ್ಲ. 1975ರಲ್ಲಿ ಇಲ್ಲಿ ಮೊಸಳೆ ಸಂರಕ್ಷಣಾ ಯೋಜನೆ ಆರಂಭವಾದ್ದರಿಂದಲೇ ಅವು ಇಂದು ಇಷ್ಟು ಸಲೀಸಾಗಿ ಕಾಣಸಿಗುತ್ತವೆ.

ಒಂದಕ್ಕೇ ಸಮಯವಿದೆ ಎನ್ನುವವರಿಗೆ ಹುಟ್ಟಿನ ದೋಣಿಯ ಪಿಚಾವರಂ ಎನ್ನುತ್ತೇನೆ. ಕಾಡಿನ ರಚನೆ ಅರ್ಥವಾಗುವುದು ಅಲ್ಲಿ. ಜೀವಿಗಳ ಆಸಕ್ತಿಯಿದ್ದರೆ ಕೊರಿಂಗಾದ ಇಳಿತ. ಭಿತರ್‌ಕನಿಕಾವನ್ನು ಆರಿಸುವವರು ಒಂದು ವಿಷಯ ಮೊದಲೇ ತೀರ್ಮಾನಿಸಬೇಕು. ಅಲ್ಲಿನ ಹಕ್ಕಿಗಳು ಗುಂಪಾಗಿ ಗೂಡು ಕಟ್ಟುವ ತಾಣವಾದ ಬಗಗಹನದಲ್ಲಿ ಕೊಕ್ಕರೆಗಳ ಗೂಡುಗಳು ತುಂಬಿರುವುದು ಮಳೆಗಾಲದಲ್ಲಿ, ಮೊಸಳೆಗಳು ಚೆನ್ನಾಗಿ ಕಾಣುವುದು ಚಳಿಗಾಲದಲ್ಲಿ. ಎರಡೂ ಒಂದೇ ಪ್ರವಾಸದಲ್ಲಿ ದಕ್ಕುವುದಿಲ್ಲ. ಮೊಸಳೆಗಳು ಮೊಟ್ಟೆಯಿಡುವ ಮೇಯಿಂದ ಜುಲೈವರೆಗೆ ಅಲ್ಲಿನ ರಾಷ್ಟ್ರೀಯ ಉದ್ಯಾನ ಮುಚ್ಚಿರುತ್ತದೆ. ಬೇಸಿಗೆ ರಜೆಗೆಂದು ಹೊರಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ದಿನಾಂಕ ಗೊತ್ತುಮಾಡಲಿ.