ಹಿಪ್ಪುನೇರಳೆ ರೇಷ್ಮೆಯೋ, ಎರಿ ರೇಷ್ಮೆಯೋ?

ಹುಳು ಸಾಕಿ, ನೂಲನ್ನು ಕೈಮಗ್ಗಕ್ಕೆ ಕೊಡುವ ಆಸೆಯಿದೆಯಾ? ಮೊದಲು ಯಾವ ಎಲೆ ಸಿಗುತ್ತದೆ ನೋಡಿ.

ಹಿಪ್ಪುನೇರಳೆ ಹುಳು ಬಲು ನಾಜೂಕು. 4 ಜ್ವರ (ಪೊರೆ ಕಳಚುವ ಹಂತ) ದಾಟಿ, ಹಣ್ಣಾಗಿ (ಗೂಡು ಕಟ್ಟಲು ಸಿದ್ಧವಾಗಿ), ಚಂದ್ರಿಕೆ (ಗೂಡು ಕಟ್ಟಲು ಇಡುವ ತಟ್ಟೆ) ಏರುವವರೆಗೂ ಶಾಖ, ತೇವ, ಶುಚಿ ಯಾವುದೂ ತಪ್ಪುವಂತಿಲ್ಲ. ಒದ್ದೆ ಎಲೆ ಹಾಕಿದರೂ ರೋಗ ಬರಬಹುದು. ಆದರೆ ಒಂದೇ ಗೂಡಿನಿಂದ ನೂರಾರು ಮೀಟರ್ ಎಳೆ ಬಿಚ್ಚಿಕೊಳ್ಳುತ್ತದೆ. ಬಟ್ಟೆಯ ಹೊಳಪಿಗೆ ಸಾಟಿಯೇ ಇಲ್ಲ.

ಎರಿ ಹುಳು ಗಟ್ಟಿಜೀವ. ಹರಳೆಲೆ ಸಾಕು. ಗೂಡಿನ ಒಂದು ತುದಿ ತೆರೆದೇ ಇರುತ್ತದೆ. ಹಾಗಾಗಿ ಚಿಟ್ಟೆ ಹೊರಬಂದ ಮೇಲೂ ಗೂಡು ಕೆಲಸಕ್ಕೆ ಬರುತ್ತದೆ. ಹುಳು ಕೊಲ್ಲಲು ಮನಸ್ಸಾಗದವರಿಗೆ ಇದು ದೊಡ್ಡ ಸಮಾಧಾನ, ಅಲ್ವಾ? ಎಳೆ ಬಿಚ್ಚಲಾಗದು, ಹತ್ತಿಯಂತೆ ನೂಲಬೇಕು. ಹೊಳಪು ಕಡಿಮೆ, ಬೆಚ್ಚಗಿರುವುದು ಜಾಸ್ತಿ. ಶಾಲಿಗೆ ಹೇಳಿ ಮಾಡಿಸಿದಂತಿರುತ್ತದೆ. ಹೊಸಬರು ಎರಿಯಿಂದಲೇ ಶುರುಮಾಡಿ.