ಕ್ಷಯಕ್ಕೆ ಸರ್ಕಾರದ ಉಚಿತ ಚಿಕಿತ್ಸೆ: ಒಂದು ಸೇವಾ ವಿಮರ್ಶೆ

ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಸಿಗುವ ತಪಾಸಣೆ ಮತ್ತು ಔಷಧೋಪಚಾರವನ್ನು ಹತ್ತಿರದ ಬಂಧುವೊಬ್ಬರ ಜೊತೆಗಿದ್ದು ಆರಂಭದಿಂದ ಕೊನೆಯವರೆಗೆ ಗಮನಿಸಿದ ಮೇಲೆ ನನಗನ್ನಿಸಿದ್ದು ಇಷ್ಟು: ರೋಗ ಪತ್ತೆಯಾದ ಬಳಿಕ ದೊರೆಯುವ ಚಿಕಿತ್ಸೆ ಹಣ ಕೊಟ್ಟು ಪಡೆಯುವುದಕ್ಕಿಂತ ಕ್ರಮಬದ್ಧವಾಗಿದೆ, ಆದರೆ ಪತ್ತೆಯಾಗುವ ಮುನ್ನ ಮತ್ತು ಚಿಕಿತ್ಸೆ ಮುಗಿದ ನಂತರ ರೋಗಿ ಬಹುಮಟ್ಟಿಗೆ ತನ್ನ ಪಾಡಿಗೆ ತಾನು. 2023ರಲ್ಲಿ ಜಗತ್ತಿನ ಕ್ಷಯ ಪ್ರಕರಣಗಳಲ್ಲಿ ಸುಮಾರು ಶೇಕಡಾ 26ರಷ್ಟು ಭಾರತದಲ್ಲೇ ಇದ್ದವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಷ್ಟು ದೊಡ್ಡ ಹೊರೆಯ ದೇಶದಲ್ಲಿ ಇಂಥ ಸೇವೆಯನ್ನು ಕೇವಲ ಮಾತ್ರೆಯ ಗುಣಮಟ್ಟದಿಂದ ಅಳೆಯಲಾಗದು.

ಮೊದಲು ಪತ್ತೆಯ ವಿಚಾರ. ನಮ್ಮವರ ಕೆಮ್ಮಿಗೆ ಖಾಸಗಿ ಕ್ಲಿನಿಕ್ಕೊಂದು ವಾರಗಟ್ಟಲೆ ಸಿರಪ್ಪು, ಆ್ಯಂಟಿಬಯಾಟಿಕ್ಕು ಬರೆದುಕೊಟ್ಟಿತೇ ಹೊರತು ಕಫ ಪರೀಕ್ಷೆಯ ಮಾತೆತ್ತಲಿಲ್ಲ. ಇದು ಹಳೆಯ ಕಾಯಿಲೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಫದಲ್ಲಿ ರೋಗಾಣು ಇದ್ದವರ ಪೈಕಿ ಸುಮಾರು ಅರ್ಧದಷ್ಟು ಜನ ಆ ಮೊದಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು; ಅವರಲ್ಲಿ ಹೆಚ್ಚಿನವರು ಕೆಮ್ಮಿನ ಔಷಧದ ಬಾಟಲಿ ಹಿಡಿದು ಮರಳಿದ್ದರು. ಜನ ಅಜ್ಞಾನದಿಂದ ಬರುವುದಿಲ್ಲ ಎಂಬ ಸಬೂಬನ್ನು ಆ ಅಧ್ಯಯನ ಅಂದೇ ಕಿತ್ತು ಹಾಕಿತ್ತು. ಅರವತ್ತು ವರ್ಷಗಳ ನಂತರ ಬಾಟಲಿಯ ಬಣ್ಣ ಬದಲಾಗಿದೆ, ಅಷ್ಟೆ.

ಸರ್ಕಾರಿ ಕೇಂದ್ರ ತಲುಪಿದ ಮೇಲೆ ಚಿತ್ರ ಬೇರೆ. ಸೂಕ್ಷ್ಮದರ್ಶಕವನ್ನೇ ನಂಬಿಕೊಂಡ ಕಾಲ ಹಿಂದೆ ಸರಿಯುತ್ತಿದ್ದು, ಜೀನ್‌ಎಕ್ಸ್‌ಪರ್ಟ್ ಹಾಗೂ ಗೋವಾದ ಕಂಪನಿಯೊಂದು ತಯಾರಿಸುವ ಟ್ರೂನ್ಯಾಟ್ ಯಂತ್ರಗಳು ಕಫದಲ್ಲಿ ರೋಗಾಣು ಇದೆಯೇ ಎಂಬುದನ್ನೂ ಅದು ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ತಿಳಿಸಬಲ್ಲವು. ಸಾಮಾನ್ಯ ಕ್ಷಯಕ್ಕೆ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಎಲ್ಲವೂ ಒಂದೇ ಮಾತ್ರೆಯೊಳಗೆ ಸೇರಿದ್ದು, ತೂಕಕ್ಕೆ ತಕ್ಕಂತೆ ಮಾತ್ರೆಗಳ ಸಂಖ್ಯೆ ನಿಗದಿಯಾಗುತ್ತದೆ. ವಾರಕ್ಕೆ ಮೂರು ದಿನದ ಹಳೆಯ ಪದ್ಧತಿ ಹೋಗಿ 2017ರಿಂದ ದಿನನಿತ್ಯದ ಸೇವನೆ ಬಂದಿರುವುದು ದೊಡ್ಡ ಸುಧಾರಣೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಎಂದು ಆಶಾ ಕಾರ್ಯಕರ್ತೆ ಮೊದಲೇ ಹೇಳಿದ್ದರಿಂದ ಮನೆಯಲ್ಲಿ ಅನಗತ್ಯ ಗಾಬರಿಯಾಗಲಿಲ್ಲ. ಔಷಧಕ್ಕೆ ಬಗ್ಗದ ಕ್ಷಯಕ್ಕೂ ಈಗ ಬೆಡಾಕ್ವಿಲಿನ್ ಒಳಗೊಂಡ ಆರು ತಿಂಗಳ ಕ್ರಮಕ್ಕೆ 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅನುಮತಿ ನೀಡಿದೆ. ಮೊದಲು ಇದಕ್ಕೆ ಒಂದೂವರೆ ಎರಡು ವರ್ಷ ಬೇಕಾಗುತ್ತಿತ್ತು.

ಆದರೆ ಮಾತ್ರೆ ಎಷ್ಟೇ ಉತ್ತಮವಾಗಿದ್ದರೂ ಅದು ಕಪಾಟಿನಲ್ಲಿರಬೇಕಲ್ಲ. 2024ರ ಮೊದಲ ತಿಂಗಳುಗಳಲ್ಲಿ ಹಲವೆಡೆ ಕೊರತೆ ಉಂಟಾಗಿ, ಸ್ಥಳೀಯವಾಗಿ ಖರೀದಿಸಿಕೊಳ್ಳಿ ಎಂದು ಕೇಂದ್ರವು ರಾಜ್ಯಗಳಿಗೆ ಸೂಚಿಸಬೇಕಾಯಿತು. ನಡುವೆ ಔಷಧ ನಿಂತರೆ ರೋಗಾಣು ಪ್ರತಿರೋಧ ಬೆಳೆಸಿಕೊಳ್ಳುತ್ತದೆ ಎಂದು ರೋಗಿಗೆ ಬುದ್ಧಿ ಹೇಳುವ ವ್ಯವಸ್ಥೆಯೇ ದಾಸ್ತಾನು ಇಡಲು ತಪ್ಪಿದರೆ ಅದಕ್ಕೆ ಕ್ಷಮೆಯಿಲ್ಲ.

ಆಹಾರದ ಭಾಗ ನನ್ನ ಮಟ್ಟಿಗೆ ಇಡೀ ಸೇವೆಯ ಅತ್ಯಂತ ಮಹತ್ವದ ಅಂಗ. ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ತಿಂಗಳಿಗೆ 500 ರೂಪಾಯಿ ನೀಡಲಾಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುವುದು ಒಳ್ಳೆಯದೇ, ಆದರೆ ಖಾತೆಯೇ ಸರಿಯಿಲ್ಲದ ವಲಸೆ ಕಾರ್ಮಿಕನಿಗೆ ಅದು ಕೈಗೆಟುಕದ ದ್ರಾಕ್ಷಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಹೋದ್ಯೋಗಿಗಳು ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಗಳ ಮನೆಮಂದಿಗೆ ಹೆಚ್ಚುವರಿ ಆಹಾರಧಾನ್ಯ ಮತ್ತು ಪೋಷಕಾಂಶ ಒದಗಿಸಿದಾಗ ಅವರಲ್ಲಿ ಹೊಸದಾಗಿ ಕ್ಷಯ ತಗಲುವ ಪ್ರಮಾಣ ಸುಮಾರು ಶೇಕಡಾ 39ರಷ್ಟು ತಗ್ಗಿತು. ಯಾವ ದುಬಾರಿ ಯಂತ್ರವೂ ಇಲ್ಲದೆ ದೊರೆತ ಫಲವಿದು. ಹಾಗಿರುವಾಗ ಮನೆಮಂದಿಯ ತಟ್ಟೆಯನ್ನು ದಾನಿಗಳ ಔದಾರ್ಯಕ್ಕೆ ಬಿಡದೆ ಪಡಿತರದ ಮೂಲಕವೇ ತುಂಬಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಚಿಕಿತ್ಸೆ ಮುಗಿದ ನಂತರ ಎರಡು ವರ್ಷಗಳವರೆಗೆ ಆರಾರು ತಿಂಗಳಿಗೊಮ್ಮೆ ರೋಗಿಯನ್ನು ವಿಚಾರಿಸಬೇಕೆಂದು ಕಾರ್ಯಕ್ರಮದ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮವರ ವಿಷಯದಲ್ಲಿ ಆ ವಿಚಾರಣೆಗಾಗಿ ನಾವೇ ಹೋಗಿ ಕೇಳಬೇಕಾಯಿತು. ಆದ್ದರಿಂದ ಈ ಸೇವೆ ಪಡೆಯುವವರು ಕೊನೆಯ ಮಾತ್ರೆಯ ದಿನವೇ ಮುಂದಿನ ತಪಾಸಣೆಯ ದಿನಾಂಕವನ್ನು ಬರೆಸಿಕೊಳ್ಳುವುದು ಒಳ್ಳೆಯದು. ಎರಡು ವಾರ ಮೀರಿದ ಕೆಮ್ಮು ಇರುವವರು ಖಾಸಗಿ ವೈದ್ಯರ ಬಳಿಗೆ ಹೋದರೂ ಕಫ ಪರೀಕ್ಷೆಯನ್ನು ತಾವಾಗಿಯೇ ಕೇಳಿ ಮಾಡಿಸಿಕೊಳ್ಳಬೇಕು.