ಗೋವಾದ ‘ಶಾರ್ಕ್ ಗಾಳ’ ಪ್ರವಾಸಕ್ಕೆ ಹಣ ಕೊಡುವ ಮೊದಲು ಇದನ್ನು ಓದಿ

ಹುಬ್ಬಳ್ಳಿ, ಬೆಳಗಾವಿ, ಗದಗ ಕಡೆಯಿಂದ ರಜೆಗೆಂದು ಕುಟುಂಬ ಸಮೇತ ಗೋವಾಕ್ಕೆ ಬರುವ ನಮ್ಮ ಜನ ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕು. ‘ಸಮುದ್ರದಲ್ಲಿ ನೀವೇ ಗಾಳ ಹಾಕಿ ಶಾರ್ಕ್ ಹಿಡಿಯಿರಿ, ಹಿಡಿದದ್ದನ್ನು ದಡದಲ್ಲಿ ನಿಮ್ಮ ಕಣ್ಣೆದುರೇ ಅಡುಗೆ ಮಾಡಿ ಬಡಿಸುತ್ತೇವೆ’ ಎಂದು ನಂಬಿಸಿ ಹಣ ಕೀಳುವವರು ಉತ್ತರ ಗೋವಾದ ಕಡಲತೀರದಲ್ಲಿದ್ದಾರೆ. ಅವರು ಅಚ್ಚ ಕನ್ನಡದಲ್ಲಿ ಮಾತನಾಡುತ್ತಾರೆ, ನಿಮ್ಮ ಊರು, ತಾಲ್ಲೂಕು ಕೇಳುತ್ತಾರೆ, ಆಮೇಲೆ ಜೇಬಿಗೆ ಕೈ ಹಾಕುತ್ತಾರೆ. ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ನಮ್ಮವರ ಮನಸ್ಸು ಎಷ್ಟು ಬೇಗ ಕರಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ, ಮತ್ತು ನನಗೆ ಇಂದಿಗೂ ಹೊಟ್ಟೆ ಉರಿಯುವುದು ಹೋದ ಹಣಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೆ.

ನಾನು ವಾಸ್ಕೋದಲ್ಲಿ ನೆಲೆಸಿದವನು. ಧಾರವಾಡದಿಂದ ತಂಗಿ, ಭಾವ, ಅವರ ಮಕ್ಕಳು ಬಂದಿದ್ದರು. ಭಾವನಿಗೆ ಗಾಳ ಹಾಕುವುದೆಂದರೆ ಪ್ರಾಣ, ಕೆರೆ ಕಾಲುವೆಗಳಲ್ಲಿ ಹಿಡಿದು ರೂಢಿಯಿರುವವರು, ಸಮುದ್ರದ ಮೀನನ್ನು ಸ್ವತಃ ಹಿಡಿಯಬೇಕೆಂಬ ಆಸೆ ಅವರಿಗೆ ಬಹಳ ದಿನಗಳಿಂದ ಇತ್ತು. ತೀರದಲ್ಲಿ ಸಿಕ್ಕ ದಲ್ಲಾಳಿ ತಲೆಗೆ 3,000 ರೂಪಾಯಿ ಹೇಳಿದ. ದೋಣಿ, ಗಾಳ, ಎರೆ, ಜೀವರಕ್ಷಕ ಅಂಗಿ, ಅಡುಗೆ ಎಲ್ಲವೂ ಅದರಲ್ಲೇ ಸೇರಿದೆ ಎಂದ. ‘ಮೋರಿ ಸಿಗಲಿಲ್ಲ ಅಂದ್ರ ಅರ್ಧ ರೊಕ್ಕ ವಾಪಸ್’ ಎಂದೂ ಹೇಳಿದ. ಇಲ್ಲಿನ ಕೊಂಕಣಿಯಲ್ಲಿ ಶಾರ್ಕ್‌ಗೆ ಮೋರಿ ಎನ್ನುತ್ತಾರೆ, ಕಾರವಾರದವರಿಗೂ ಅದೇ ಹೆಸರು. ನಾನು ರಸೀದಿ ಕೇಳಿದೆ. ‘ನಮ್ಮವ್ರಿಗೇ ಮೋಸ ಮಾಡಾಕ ಆಗತೈತೇನ್ರಿ?’ ಎಂಬುದು ಅವನ ಉತ್ತರ. ಮುಂಗಡ ಫೋನ್‌ಪೇಯಲ್ಲಿ ಹೋಯಿತು.

ದೋಣಿ ಹತ್ತಿದ ಕೂಡಲೇ ಎಲ್ಲರ ಮೊಬೈಲುಗಳನ್ನು ‘ನೀರು ತಾಗಿ ಹಾಳಾಗುತ್ತವೆ’ ಎಂದು ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಹಾಕಿಸಿಕೊಂಡರು. ಚಿತ್ರಗಳನ್ನು ತಾವೇ ತೆಗೆದು ಕಳಿಸುವುದಾಗಿ ಹೇಳಿದರು. ಇದನ್ನು ನೆನಪಿಡಿ, ಮುಂದೆ ಇದೇ ಅವರ ಆಯುಧವಾಯಿತು. ಗ್ರಾಂಡೆ ದ್ವೀಪದ ಹತ್ತಿರ ಲಂಗರು ಹಾಕಿದರು. ಅಲ್ಲಿ ಬೇರೆ ಪ್ರವಾಸಿ ದೋಣಿಗಳೂ ಇದ್ದವು, ಜನ ನೀರಿಗಿಳಿದು ಆಡುತ್ತಿದ್ದರು, ಹಾಡು ಕಿವಿಗಡಚಿಕ್ಕುವಂತೆ ಕೇಳುತ್ತಿತ್ತು. ಇಂಥ ಗದ್ದಲದಲ್ಲಿ ಶಾರ್ಕ್ ಬರುತ್ತದೆಯೇ ಎಂದು ಕೇಳಿದ್ದಕ್ಕೆ ‘ನೀವು ಸುಮ್ನ ನೋಡ್ರಿ’ ಎಂದರು. ಬಹಳ ಹೊತ್ತು ಒಂದೆರಡು ಸಣ್ಣ ಮೀನು ಬಿಟ್ಟರೆ ಏನೂ ಸಿಗಲಿಲ್ಲ.

ಆಮೇಲೆ ದೋಣಿಯ ಹುಡುಗನೊಬ್ಬ ಭಾವನ ಗಾಳದ ದಾರ ಲಂಗರಿನ ಹಗ್ಗಕ್ಕೆ ಸಿಕ್ಕಿಕೊಂಡಿದೆ ಎಂದು ಕೋಲನ್ನು ಅವರ ಕೈಯಿಂದ ಇಸಿದುಕೊಂಡು ದೋಣಿಯ ಹಿಂಬದಿಗೆ, ಎಂಜಿನ್ನಿನ ಮರೆಗೆ ಹೋದ. ಅಲ್ಲೇ ಮಂಜುಗಡ್ಡೆಯ ಥರ್ಮಾಕೋಲ್ ಪೆಟ್ಟಿಗೆ ಇತ್ತು, ತಂಪು ಪಾನೀಯದ ಪೆಟ್ಟಿಗೆ ಎಂದು ನಮಗೆ ಹೇಳಿದ್ದರು. ಅಷ್ಟರಲ್ಲಿ ಇನ್ನೊಬ್ಬ ‘ಡಾಲ್ಫಿನ್, ಡಾಲ್ಫಿನ್’ ಎಂದು ಎದುರು ದಿಕ್ಕಿಗೆ ಕೈ ತೋರಿಸಿದ. ಎಲ್ಲರೂ ಆ ಕಡೆ ತಿರುಗಿದೆವು, ಮಕ್ಕಳಂತೂ ಅಂಚಿಗೇ ಓಡಿದರು. ತಿರುಗಿ ನೋಡುವಷ್ಟರಲ್ಲಿ ಹುಡುಗ ಕೋಲನ್ನು ಭಾವನ ಕೈಗಿತ್ತು ‘ಎಳೀರಿ, ಎಳೀರಿ, ಬಿದ್ದೈತಿ’ ಎಂದು ಕೂಗತೊಡಗಿದ್ದ.

ಮೊಳದುದ್ದದ ಬೂದು ಬಣ್ಣದ ಶಾರ್ಕ್ ಮರಿಯೊಂದು ಮೇಲೆ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು, ದೋಣಿಯವರು ಮಕ್ಕಳಿಗಿಂತ ಜೋರಾಗಿ ಕೂಗಿದರು, ಭಾವನ ಕೈಗೆ ಮೀನು ಕೊಟ್ಟು ಒಂದರ ಮೇಲೊಂದು ಚಿತ್ರ ತೆಗೆದರು. ಆದರೆ ಆ ಮೀನು ಒಮ್ಮೆಯೂ ಬಾಲ ಬಡಿಯಲಿಲ್ಲ. ನಾನು ಕೈಗೆ ತೆಗೆದುಕೊಂಡೆ. ಹೊಟ್ಟೆಯ ಭಾಗ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಗೋವಾದ ಸಮುದ್ರದ ನೀರು ಬೆಚ್ಚಗಿರುತ್ತದೆ, ಅದರಿಂದ ಆ ಕ್ಷಣ ಹೊರಬಂದ ಮೀನು ಹಾಗೆ ತಣ್ಣಗಿರುವುದು ಸಾಧ್ಯವೇ ಇಲ್ಲ. ಮೈ ಸೆಟೆದಿತ್ತು, ಕಣ್ಣು ಮಬ್ಬಾಗಿ ಒಳಗಿಳಿದಿತ್ತು, ಕಿವಿರಿನ ಐದು ಸೀಳುಗಳ ಒಳಗೆ ಕೆಂಪು ಹೋಗಿ ಕಂದು ಬಣ್ಣ ಬಂದಿತ್ತು. ಗಾಳದ ಮುಳ್ಳು ತುಟಿಯಲ್ಲಿ ಒಂದು ತೊಟ್ಟು ರಕ್ತವಿಲ್ಲದೆ ನೆಟ್ಟಿತ್ತು. ಕಿವಿರಿನ ಹಿಂದೆ ಕುತ್ತಿಗೆಯ ಸುತ್ತ ಬಲೆಯ ದಾರ ಕೊರೆದ ಗೆರೆ ಸ್ಪಷ್ಟವಾಗಿ ಮೂಡಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಮೂತ್ರದ ವಾಸನೆ ಮೂಗಿಗೆ ರಾಚುತ್ತಿತ್ತು. ಶಾರ್ಕ್ ತನ್ನ ರಕ್ತ ಮಾಂಸದಲ್ಲಿ ಯೂರಿಯಾ ಉಳಿಸಿಕೊಳ್ಳುವ ಪ್ರಾಣಿ. ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯಾ ಮಾಡುತ್ತವೆ. ಕ್ಷಣದ ಹಿಂದೆ ಹಿಡಿದ ಮೀನಿಗೆ ಆ ವಾಸನೆ ಇರುವುದಿಲ್ಲ. ಅದನ್ನು ಯಾವುದೋ ಜೆಟ್ಟಿಯಿಂದ ಕೊಂಡು ತಂದು, ಪೆಟ್ಟಿಗೆಯಿಂದ ತೆಗೆದು, ನಮ್ಮ ಗಾಳಕ್ಕೆ ಚುಚ್ಚಿ ನೀರಿಗಿಳಿಸಿದ್ದರು.

ನಾನು ಕೇಳಿದೆ. ಮೊದಲ ಉತ್ತರ: ‘ಆಳದಾಗ ನೀರು ತಣ್ಣಗಿರತೈತ್ರಿ, ಅದಕ್ಕ ಮೀನೂ ತಣ್ಣಗ.’ ನಾವು ನಿಂತದ್ದು ಜನ ಈಜಾಡುವ ಜಾಗದಲ್ಲಿ! ಎರಡನೆಯ ಉತ್ತರ: ‘ಶಾರ್ಕ್ ಮ್ಯಾಲೆ ಬರೂದ್ರಾಗ ಗಾಬರಿಗೆ ಸತ್ತು ಹೋಗತಾವ.’ ಬಲೆಯ ಗೆರೆ ತೋರಿಸಿದಾಗ ಮೂರನೆಯ ಉತ್ತರ ಬಂತು, ಇದನ್ನು ನಾನು ಮರೆಯಲಾರೆ: ‘ಸರ್, ಮಕ್ಕಳ ಮುಂದ ಯಾಕ ಮೂಡ್ ಕೆಡಸ್ತೀರಿ?’ ಭಾವನ ಮುಖ ನೋಡಲಾಗಲಿಲ್ಲ. ಒಂದು ನಿಮಿಷದ ಹಿಂದೆ ಮಗನಿಗೆ ‘ನೋಡೋ, ನಿಮ್ಮಪ್ಪ ಶಾರ್ಕ್ ಹಿಡಿದ’ ಎಂದು ಹೇಳಿದ್ದ ಮನುಷ್ಯ ತಲೆ ತಗ್ಗಿಸಿ ಕೂತಿದ್ದರು. ಮಗ ಏನೂ ಅರ್ಥವಾಗದೆ ಅವರನ್ನೂ ನನ್ನನ್ನೂ ನೋಡುತ್ತಿದ್ದ.

ಆ ಮೀನಿನ ಎದೆಯ ಈಜುರೆಕ್ಕೆಗಳ ನಡುವೆ ಇನ್ನೂ ಪೂರ್ತಿ ಮಾಯದ ಹೊಕ್ಕುಳಿನ ಸೀಳು ಇತ್ತು. ಹಲವು ಜಾತಿಯ ಶಾರ್ಕ್‌ಗಳು ಮೊಟ್ಟೆಯಿಡದೆ ಮರಿ ಹಾಕುತ್ತವೆ, ಹುಟ್ಟಿದ ಕೆಲವು ವಾರಗಳವರೆಗೆ ಮರಿಗೆ ಆ ಗುರುತು ಇರುತ್ತದೆ. ಅಂದರೆ ಅದು ಎಳೆಯ ಕೂಸು. ಶಾರ್ಕ್‌ಗಳು ತಡವಾಗಿ ಬೆಳೆದು, ತಿಂಗಳುಗಟ್ಟಲೆ ಗರ್ಭ ಹೊತ್ತು, ಬೆರಳೆಣಿಕೆಯ ಮರಿ ಹಾಕುವ ಪ್ರಾಣಿಗಳು. ಬಂಗುಡೆ, ಬೈಗೆ ಮೀನುಗಳ ಹಾಗೆ ಸಾವಿರಗಟ್ಟಲೆ ಮೊಟ್ಟೆಯಿಡುವವಲ್ಲ. ಪ್ರವಾಸಿಗರಿಗೆ ‘ಬೇಬಿ ಶಾರ್ಕ್’ ಎಂಬ ಹೆಸರಿನಲ್ಲಿ ತಟ್ಟೆಗೆ ಬರುವುದರಲ್ಲಿ ಇಂಥ, ಒಮ್ಮೆಯೂ ಮರಿ ಹಾಕದ ಮೀನುಗಳೂ ಇವೆ. ನಿಜವಾಗಿ ಹಿಡಿದಿದ್ದರೂ ಜೀವಂತವಾಗಿ ಬಿಟ್ಟುಬಿಡಬೇಕಾದದ್ದು ಅದು.

ದಡದಲ್ಲಿ ಅದೇ ಮೀನಿನ ಆಂಬೊಟ್ ತೀಕ್ ಬಂತು. ಒಣಮೆಣಸು, ಬೆಳ್ಳುಳ್ಳಿ, ಹುಳಿ ಹಾಕಿ ಮಾಡುವ ಈ ಸಾರು ಗೋವಾದ ಮನೆಗಳಲ್ಲಿ ಎಷ್ಟು ರುಚಿಯಾಗಿರುತ್ತದೆ ಎಂದು ಬಲ್ಲವನು ನಾನು. ಬಲ್ಲ ಮನೆಯವರು ತಾಜಾ ಮೋರಿಯ ರಕ್ತ ತೆಗೆದು, ಬಿಸಿನೀರಿನಲ್ಲಿ ಆ ಉಪ್ಪುಕಾಗದದಂಥ ಚರ್ಮ ಕೆರೆದು, ಉಪ್ಪು ಹುಳಿಯಲ್ಲಿ ನೆನೆಸಿ ಮಾಡುತ್ತಾರೆ. ಇವರು ಬಡಿಸಿದ್ದರಲ್ಲಿ ಅಷ್ಟೂ ಹುಳಿಯನ್ನು ದಾಟಿ ಅಮೋನಿಯಾ ಬರುತ್ತಿತ್ತು. ಯಾರೂ ತಿನ್ನಲಿಲ್ಲ. ಎದೆಹಾಲುಣಿಸುವ ನನ್ನ ತಂಗಿಗೆ ‘ಬಾಣಂತಿಗೆ ಮೋರಿ ಒಳ್ಳೇದು, ಹಾಲು ಬರತೈತಿ’ ಎಂದು ಒತ್ತಾಯಿಸಿದರು. ಕರಾವಳಿಯಲ್ಲಿ ಈ ನಂಬಿಕೆ ಇದೆ, ಸಂಪ್ರದಾಯದಿಂದ ಕೊಡುವ ತಾಯಂದಿರ ಬಗ್ಗೆ ನನಗೆ ಕೋಪವಿಲ್ಲ. ಆದರೆ ಶಾರ್ಕ್ ಇತರ ಮೀನುಗಳನ್ನು ತಿಂದು ಬದುಕುವುದರಿಂದ ಅದರ ಮಾಂಸದಲ್ಲಿ ಪಾದರಸ ಸೇರಿಕೊಳ್ಳುತ್ತದೆ. ಗರ್ಭಿಣಿಯರು, ಬಾಣಂತಿಯರು, ಚಿಕ್ಕ ಮಕ್ಕಳು ಶಾರ್ಕ್ ತಿನ್ನಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸ್ಪಷ್ಟವಾಗಿ ಹೇಳಿದೆ.

ಬಿಲ್ಲಿನಲ್ಲಿ ‘ಶಾರ್ಕ್ ಹಿಡಿದ ಶುಲ್ಕ’ ಎಂದು 4,500 ರೂಪಾಯಿ, ಅಡುಗೆಗೆ ಬೇರೆ 1,800 ರೂಪಾಯಿ. ಎಲ್ಲವೂ ಸೇರಿದೆ ಎಂದಿದ್ದಿರಲ್ಲ ಎಂದರೆ, ‘ಸಿಗಲಿಲ್ಲ ಅಂದ್ರ ಅರ್ಧ ವಾಪಸ್ ಅಂದಿದ್ವಿ, ಸಿಕ್ತಲ್ಲ’ ಎಂದರು. ಸಿಕ್ಕಿತಂತೆ! ಮೊಬೈಲಿನ ಡಬ್ಬಿ ಇನ್ನೂ ಅವರ ಹತ್ತಿರವೇ ಇತ್ತು. ಕತ್ತಲಾಗುತ್ತಿತ್ತು, ಮಕ್ಕಳು ಅಳುತ್ತಿದ್ದರು. ಕೊಟ್ಟು ಬಂದೆವು.

ರಾತ್ರಿ ವಾಟ್ಸಾಪಿನಲ್ಲಿ ಹಣ ಹಿಂದಿರುಗಿಸಿ, ಇಲ್ಲವಾದರೆ ದೂರು ಕೊಡುತ್ತೇನೆ ಎಂದು ಬರೆದೆ. ಉತ್ತರವಾಗಿ ಭಾವ ಮೀನು ಹಿಡಿದು ನಿಂತ ಚಿತ್ರ ಬಂತು, ಜೊತೆಗೆ ಎರಡು ಸಾಲು: ‘ಶಾರ್ಕ್ ಹಿಡಿಯೂದು ಅರಣ್ಯ ಇಲಾಖೆ ಕೇಸ್. ಫೋಟೋದಾಗ ಇರೋರು ನೀವು, ನಾವಲ್ಲ.’ ತಾವೇ ಕರೆದು, ತಾವೇ ಸತ್ತ ಮೀನು ಚುಚ್ಚಿ, ತಾವೇ ಚಿತ್ರ ತೆಗೆದು, ಕೊನೆಗೆ ನಮಗೇ ಬೆದರಿಕೆ. ಇದಕ್ಕೇ ಮೊಬೈಲುಗಳನ್ನು ಮೊದಲು ಇಸಿದುಕೊಂಡದ್ದು.

ಈ ಬೆದರಿಕೆಗೆ ಹೆದರಿ ಎಷ್ಟು ಜನ ಸುಮ್ಮನಾಗಿದ್ದಾರೋ! ಆದ್ದರಿಂದ ಕಾನೂನಿನ ಮಾತು ಹೇಳುತ್ತೇನೆ. ಕೆಲವು ಜಾತಿಯ ಶಾರ್ಕ್‌ಗಳನ್ನು ಹಿಡಿಯುವುದು ಮಾತ್ರ ಅಪರಾಧ, ಎಲ್ಲವನ್ನೂ ಅಲ್ಲ; ಮೋರಿ ಮಡಗಾಂವ್, ವಾಸ್ಕೋ ಮಾರುಕಟ್ಟೆಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 2001ರಲ್ಲಿ ತಿಮಿಂಗಿಲ ಶಾರ್ಕ್, ಗಂಗಾ ಶಾರ್ಕ್, ಗರಗಸ ಮೀನು ಮುಂತಾದವನ್ನು ಮೊದಲನೆಯ ಅನುಸೂಚಿಗೆ ಸೇರಿಸಿ ಪೂರ್ಣ ರಕ್ಷಣೆ ಕೊಡಲಾಯಿತು. 2022ರ ತಿದ್ದುಪಡಿಯಿಂದ ಅನುಸೂಚಿಗಳು ಬದಲಾಗಿ ಇನ್ನಷ್ಟು ಜಾತಿಗಳು ಸೇರಿವೆ. ಆದ್ದರಿಂದ ಜಾತಿ ಗುರುತಿಸಲಾಗದ ನಿಮ್ಮ ಕೈಗೆ ಶಾರ್ಕ್ ಕೊಟ್ಟು ಚಿತ್ರ ತೆಗೆಯುವವನು ನಿಮ್ಮನ್ನು ಅಪಾಯಕ್ಕೆ ನೂಕುತ್ತಿದ್ದಾನೆ ಎಂದೇ ತಿಳಿಯಿರಿ.

ಗಾಳ ಹಾಕುವ ಆಸೆಯಿದ್ದರೆ ರಸೀದಿ ಕೊಡುವ, ಗೋವಾದ ಬಂದರು ಇಲಾಖೆಯ ನೋಂದಣಿ ಸಂಖ್ಯೆ ಬರೆದಿರುವ ದೋಣಿಯಲ್ಲೇ ಹೋಗಿ. ಮೊಬೈಲನ್ನು ಯಾರ ಕೈಗೂ ಕೊಡಬೇಡಿ. ಗಾಳದ ಕೋಲನ್ನು ನಿಮ್ಮ ಕೈಯಿಂದ ಇಸಿದುಕೊಂಡು ಮರೆಗೆ ಹೋದವನ ಹಿಂದೆಯೇ ಹೋಗಿ ನೋಡಿ. ಶಾರ್ಕ್ ಖಂಡಿತ ಕೊಡಿಸುತ್ತೇವೆ ಎನ್ನುವವನು ಅದನ್ನು ಪೆಟ್ಟಿಗೆಯಲ್ಲಿ ತಂದಿರುತ್ತಾನೆ.

ನಾನು ಫೋನ್‌ಪೇ ವಿವರ, ಬಿಲ್ಲು, ಬೆದರಿಕೆಯ ಸಂದೇಶ ಎಲ್ಲವನ್ನೂ ಇಟ್ಟುಕೊಂಡು ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ತಿಳಿಸಿದ್ದೇನೆ. ಇದೇ ರೀತಿ ತಣ್ಣನೆಯ ಮೀನು ಹಿಡಿದು ನಿಂತ ಚಿತ್ರ ನಿಮ್ಮ ಮೊಬೈಲಿಗೂ ಬಂದಿದ್ದರೆ ಅಳಿಸಬೇಡಿ. ಕಿವಿರಿನ ಹಿಂದಿನ ಬಲೆಯ ಗೆರೆ ಕಾಣುವಂತೆ ದೊಡ್ಡದು ಮಾಡಿ ನೋಡಿ, ದೂರಿನ ಜೊತೆಗೆ ಅದನ್ನೂ ಕೊಡಿ.